ಐದನೇ ಭಾಗದಲ್ಲಿ ಹಗ್ಗ ಇರಲಿಲ್ಲ

ಲಿಫ್ಟ್ ರಿಪೇರಿಯವನಿಗೆ ಆಗ ನಲವತ್ತೇಳು ವರ್ಷ. ಅವನ ದಿನದ ಅರ್ಧ ಭಾಗ ಕಳೆಯುತ್ತಿದ್ದದ್ದು ಕಟ್ಟಡಗಳ ಹೊಟ್ಟೆಯೊಳಗೆ, ಲಿಫ್ಟ್ ಓಡಾಡುವ ಕತ್ತಲ ಗುಂಡಿಯಲ್ಲಿ. ಉಕ್ಕಿನ ಹಗ್ಗದ ಎಳೆ ಎಲ್ಲಾದರೂ ಬಿಚ್ಚಿಕೊಂಡಿದೆಯೇ ಎಂದು ಬಟ್ಟೆ ಹಿಡಿದು ಸವರಿ ನೋಡುವುದು, ಸವೆದ ಬ್ರೇಕು ಬದಲಿಸುವುದು, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಕೂಗಾಡುವವರಿಗೆ "ಏನೂ ಆಗಲ್ಲ, ಬಾಗಿಲು ಮಾತ್ರ ಮುಟ್ಬೇಡಿ" ಎಂದು ಸಮಾಧಾನ ಹೇಳುವುದು ಅವನ ಕೆಲಸ. ತಣ್ಣಗಿನ ಮನುಷ್ಯ. ಅವನ ತಲೆ ಬಿಸಿಯಾಗುತ್ತಿದ್ದದ್ದು ಒಂದೇ ವಿಷಯಕ್ಕೆ, ಮುಳುಗುಗಾರನ ಸಿನಿಮಾ ಸರಣಿಗೆ.

ಅದಕ್ಕೆ ಕಾರಣ ಅವನ ಅಕ್ಕ. ಅವನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಮೂರನೇ ವಯಸ್ಸಿನಲ್ಲಿ ಬಂದ ಜ್ವರ ಅವಳ ಕಿವಿ ಎರಡನ್ನೂ ಕಿತ್ತುಕೊಂಡು ಹೋಗಿತ್ತು. ಅವಳು ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿದ್ದಳು. ಯಂತ್ರಗಳ ಗದ್ದಲಕ್ಕೆ ಉಳಿದವರೆಲ್ಲ ತಲೆ ಹಿಡಿದುಕೊಂಡರೆ ಅವಳು ಮಾತ್ರ ಆರಾಮಾಗಿ ಕೂತು, ಗಾಜಿನ ಅಂಚನ್ನು ಬೆಳಕಿಗೆ ಹಿಡಿದು ಕೂದಲೆಳೆಯಷ್ಟು ತಪ್ಪಿದ್ದರೂ ಪಕ್ಕಕ್ಕಿಡುತ್ತಿದ್ದಳು.

ಸರಣಿಯ ಮೊದಲ ಸಿನಿಮಾ ಬಂದಾಗ ಅವನಿಗೆ ಒಂಬತ್ತು, ಅವಳಿಗೆ ಹದಿಮೂರು. ನೀರಿನಾಳಕ್ಕಿಳಿದು ಮುಳುಗಿದವರನ್ನು ಮೇಲೆತ್ತುವ ಒಬ್ಬ ಮುಳುಗುಗಾರನ ಕಥೆ. ಅವನು ಕೆಳಗಿಳಿದರೆ ದೋಣಿಯಲ್ಲಿ ಹಗ್ಗ ಹಿಡಿದು ಕೂರುವವಳು ಅವನ ತಂಗಿ. ಆ ತಂಗಿಗೂ ಕಿವಿ ಕೇಳುವುದಿಲ್ಲ. ಹಗ್ಗ ಒಮ್ಮೆ ಜಗ್ಗಿದರೆ ಎಲ್ಲ ಸರಿ, ಎರಡು ಸಲಕ್ಕೆ ಸಡಿಲ ಬಿಡು, ಮೂರು ಸಲಕ್ಕೆ ಎಳೆ. ಮೇಲೆ ಬಂದ ಮೇಲೆ ಅಣ್ಣ ತಂಗಿ ಕೈಯಲ್ಲೇ ಮಾತಾಡಿಕೊಳ್ಳುತ್ತಾರೆ. ಪರದೆಯ ಮೇಲೆ ಕೈಗಳು ಮಾತಾಡುವುದನ್ನು ಅಕ್ಕ ಕಂಡದ್ದು ಅದೇ ಮೊದಲು. ತಮ್ಮನ ಮೊಣಕಾಲಿನ ಮೇಲೆ ಎಷ್ಟು ಗಟ್ಟಿಯಾಗಿ ಹೊಡೆದಳೆಂದರೆ ಮರುದಿನವೂ ಅಲ್ಲಿ ನೀಲಿಗಟ್ಟಿತ್ತು. ಆಮೇಲೆ ಮೂರು ಭಾಗಗಳನ್ನು ಅವರಿಬ್ಬರೂ ಲೆಕ್ಕವಿಲ್ಲದಷ್ಟು ಸಲ ನೋಡಿದರು.

ಮೊದಲ ಮೂರು ಭಾಗ ತೆಗೆದ ನಿರ್ದೇಶಕ ತೀರಿಹೋದ. ಹದಿನೆಂಟು ವರ್ಷದ ಮೇಲೆ ಕಂಪನಿಯವರು ಬೇರೆ ಯಾರಿಂದಲೋ ನಾಲ್ಕನೆಯದು ಮಾಡಿಸಿದರು. ಅದು ಸಪ್ಪೆಯಾಗಿತ್ತು. ಅಭಿಮಾನಿಗಳು ಹಲ್ಲು ಕಚ್ಚಿಕೊಂಡು "ಪಾಪ, ಹೊಸಬ್ರು" ಎಂದರು. ಐದನೆಯದರಲ್ಲಿ ಆ ಸಹನೆಯೂ ಮುಗಿಯಿತು. ಅದರಲ್ಲಿ ತಂಗಿಗೆ ಆಪರೇಷನ್ ಆಗಿ ಕಿವಿ ಕೇಳತೊಡಗುತ್ತದೆ. ಅವಳು ನಗುತ್ತಾಳೆ, ಅಳುತ್ತಾಳೆ, ಆಮೇಲೆ ಬಾಯಿ ಮುಚ್ಚುವುದೇ ಇಲ್ಲ. ಹಗ್ಗದ ಜಾಗಕ್ಕೆ ವೈರ್‌ಲೆಸ್ ಬಂದಿತ್ತು.

ಸಿನಿಮಾ ಮುಗಿದ ಕೂಡಲೇ ಅಕ್ಕ ಎದ್ದಳು. ಕೈಗಳನ್ನು ಸ್ವೆಟರಿನ ಜೇಬಿಗೆ ತುರುಕಿಕೊಂಡು ಮನೆತನಕ ನಡೆದಳು. ಕೈ ಜೇಬಿನಲ್ಲಿಟ್ಟಳೆಂದರೆ ಅವಳು ಮಾತಾಡಲು ತಯಾರಿಲ್ಲ ಎಂದೇ ಅರ್ಥ.

ಅವನಿದ್ದ ಅಭಿಮಾನಿಗಳ ಸಂಘದಲ್ಲಿ ಬೆಂಕಿ ಬಿದ್ದಿತ್ತು. ಸಂಘದ ಮುಖಂಡ ಔಷಧಿ ಅಂಗಡಿಯವನು. ಬಿ.ಪಿ. ಮಾತ್ರೆ ಕೊಡುತ್ತ ಕೊಡುತ್ತ ತನ್ನ ಬಿ.ಪಿ. ಏರಿಸಿಕೊಳ್ಳುವ ಜಾತಿ. ಐದನೇ ಭಾಗದ ನಿರ್ದೇಶಕ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚಿತ್ರಮಂದಿರಕ್ಕೆ ಬಂದು ಪ್ರೇಕ್ಷಕರ ಜೊತೆ ಮಾತಾಡುತ್ತಾನೆ ಎಂದು ಗೊತ್ತಾದ ದಿನ ಮುಖಂಡ ಲಿಫ್ಟಿನವನನ್ನು ಅಂಗಡಿಯ ಹಿಂಬದಿಗೆ ಕರೆದ.

"ನಿಮ್ಮಕ್ಕನ್ನ ಸ್ಟೇಜ್ ಹತ್ತಿಸು. ನೀನು ಪಕ್ಕದಲ್ಲಿ ನಿಂತು ಅವರ ಮಾತು ಹೇಳು. ಅವರನ್ನ ತಡೆಯೋಕೆ ಯಾರಿಗೂ ಮನಸ್ಸು ಬರಲ್ಲ."

"ಆಮೇಲೆ?"

ಔಷಧಿ ಅಂಗಡಿಯವನು ಚೀಲದ ಬಾಯಿ ಅಗಲಿಸಿ ತೋರಿಸಿದ. ಕೆಮ್ಮಿನ ಔಷಧಿಯ ಹಳೇ ಬಾಟಲಿಗಳು, ಆರು. ಒಳಗೆ ಕಪ್ಪು ಮಸಿ.

"ನಾನು ಎದ್ದು ನಿಲ್ತೀನಿ. ಉಳಿದೋರು ನನ್ನ ನೋಡಿ ಏಳ್ತಾರೆ. ಅವನ ಮುಖಕ್ಕೂ ಪರದೆಗೂ. ಆರನೇ ಭಾಗ ಮಾಡೋಕೆ ಯಾರೂ ಧೈರ್ಯ ಮಾಡಬಾರದು."

"ಅಕ್ಕ ಅಲ್ಲೇ ಇರ್ತಾಳಲ್ಲ."

"ಅವರಿಗೆ ಒಂದು ಹನಿ ತಾಗಲ್ಲ. ನನ್ನ ಮೇಲೆ ನಂಬಿಕೆ ಇಲ್ವಾ?"

ಲಿಫ್ಟಿನವನು ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಅವನೊಳಗೂ ಸಿಟ್ಟು ಕುದಿಯುತ್ತಿತ್ತು, ಪರದೆ ಹಾಳಾದರೆ ಆಗಲಿ ಅನ್ನಿಸಿತ್ತು. ಆ ವಾರ ಕೆಲಸದಲ್ಲಿ ಎರಡು ಸಲ ಕೈ ತಪ್ಪಿತು. ಶನಿವಾರ ಅಕ್ಕನ ಮನೆಗೆ ಹೋಗಿ, "ನಾಳೆ ಆ ನಿರ್ದೇಶಕ ಬರ್ತಾನೆ. ನಿನಗೆ ಅನ್ನಿಸಿದ್ದನ್ನ ಹೇಳ್ತೀಯಾ? ನಾನು ಜೋರಾಗಿ ಹೇಳ್ತೀನಿ" ಎಂದು ಕೈಸನ್ನೆಯಲ್ಲಿ ಕೇಳಿದ. ಬಾಟಲಿಗಳ ಮಾತು ಎತ್ತಲಿಲ್ಲ.

ಅವಳು ಕೈಯಲ್ಲೇ, "ಒಂದಕ್ಷರ ಸೇರಿಸಬಾರದು. ಒಂದಕ್ಷರ ಬಿಡಬಾರದು" ಎಂದಳು.

ಭಾನುವಾರ ಸಂಘದವರು ಮುಂದಿನ ನಾಲ್ಕು ಸಾಲು ಹಿಡಿದಿದ್ದರು. ನಿರ್ದೇಶಕ ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮೈಕು. ಎರಡು ಮಾತು ಆಡುವಷ್ಟರಲ್ಲಿ ಹಿಂದಿನಿಂದ ಯಾರೋ "ಹಗ್ಗ ಎಲ್ಲಿ?" ಎಂದು ಕೂಗಿದರು. ನಗು ಹರಡಿತು, ಆದರೆ ಅದು ಒಳ್ಳೆಯ ನಗು ಆಗಿರಲಿಲ್ಲ. ಅಷ್ಟರಲ್ಲಿ ಅಕ್ಕ ಎದ್ದು ಮೆಟ್ಟಿಲು ಹತ್ತಿದಳು. ಲಿಫ್ಟಿನವನು ಹಿಂದೆಯೇ ಹೋಗಿ ಇನ್ನೊಂದು ಮೈಕು ತೆಗೆದುಕೊಂಡ.

ಅಕ್ಕನ ಕೈಗಳು ಏಳುತ್ತಿದ್ದಂತೆ ಸಭೆ ತೆಪ್ಪಗಾಯಿತು.

"ನನಗೆ ಕಿವಿ ಕೇಳಲ್ಲ," ತಮ್ಮ ಅವಳ ಕೈ ನೋಡುತ್ತ ಹೇಳತೊಡಗಿದ. "ನಿಮ್ಮ ಸಿನಿಮಾದಲ್ಲಿ ತಂಗಿ ಮಾತಾಡುವಾಗೆಲ್ಲ ನಮಗೆ ಬೆನ್ನು ಹಾಕಿ ನಿಂತಿದ್ಲು. ಅವಳ ತುಟಿನೂ ಕಾಣಲಿಲ್ಲ, ಕೈನೂ ಕಾಣಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳೇನು ಹೇಳ್ತಿದ್ದಾಳೆ ಅಂತ ನನಗೆ ಗೊತ್ತಾಗಲಿಲ್ಲ."

ಅವಳ ಕೈ ನಿರ್ದೇಶಕನತ್ತ ತಿರುಗಿತು.

"ಕಥೆ ಬರೆಯೋ ಮುಂಚೆ ನನ್ನಂಥವರು ಒಬ್ಬರನ್ನಾದರೂ ಭೇಟಿ ಮಾಡಿದ್ರಾ?"

"ಇಲ್ಲ," ಎಂದ ನಿರ್ದೇಶಕ. "ಅವಳಿಗೆ ಕಿವಿ ಕೇಳಿಸಿದ್ರೆ ಎಲ್ಲರಿಗೂ ಖುಷಿಯಾಗುತ್ತೆ ಅಂದ್ಕೊಂಡೆ. ನನ್ನ ತಪ್ಪು."

ತಮ್ಮ ಅದನ್ನು ಕೈಯಲ್ಲಿ ಅಕ್ಕನಿಗೆ ಹೇಳುತ್ತಿದ್ದಂತೆಯೇ ಸಾಲುಗಳಲ್ಲಿ ಬೊಬ್ಬೆ ಎದ್ದಿತು. ಅದು ಅವಳಿಗೆ ಕೇಳಿಸಲಿಲ್ಲ. ಆದರೆ ಅವಳ ಕಣ್ಣು ಗಾಜಿನಲ್ಲಿ ಕೂದಲೆಳೆ ಹುಡುಕುವ ಕಣ್ಣು. ಮೊದಲ ಸಾಲಿನಲ್ಲಿ ಔಷಧಿ ಅಂಗಡಿಯವನು ಎದ್ದದ್ದು, ಚೀಲದಿಂದ ಹೊರಬಂದ ಕೈ, ಬಾಟಲಿ, ಅದರ ಬೆನ್ನಿಗೇ ಇನ್ನೂ ಮೂವರು ಅರ್ಧ ಎದ್ದು ನಿಂತದ್ದು, ಎಲ್ಲವನ್ನೂ ಅವಳು ಕಂಡಳು. ಆಮೇಲೆ ತಿರುಗಿ ತಮ್ಮನ ಮುಖ ನೋಡಿದಳು. ಅವನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

ಅವಳ ಕೈ ಮೆಲ್ಲಗೆ ಆಡಿತು. ಬರೀ ಎರಡು ಪದ.

ಸಭೆ ಅನುವಾದಕ್ಕೆ ಕಾಯುತ್ತಿತ್ತು. ಔಷಧಿ ಅಂಗಡಿಯವನೂ ಬಾಟಲಿಯ ಮುಚ್ಚಳದ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದ. 'ಇವನನ್ನು ಬಿಡಬೇಡಿ ಅಂತಿದ್ದಾಳೆ' ಎಂದು ಲಿಫ್ಟಿನವನು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಏನೂ ಇಲ್ಲ ಎಂದು ಮೈಕು ಕೆಳಗಿಟ್ಟಿದ್ದರೂ ನಡೆಯುತ್ತಿತ್ತು.

"ನಿನಗೆ ಗೊತ್ತಿತ್ತಾ ಅಂತ ನನ್ನನ್ನ ಕೇಳ್ತಿದ್ದಾಳೆ," ಎಂದ ಅವನು ಮೈಕಿನಲ್ಲಿ. "ಮಸಿ ಬಾಟಲಿ ತಂದಿರೋದು ನಿನಗೆ ಗೊತ್ತಿತ್ತಾ ಅಂತ. ಗೊತ್ತಿತ್ತು. ನಾನು ಅವಳಿಗೆ ಹೇಳದೆ ಕರ್ಕೊಂಡು ಬಂದೆ."

ನಿರ್ದೇಶಕ ಒಂದು ಹೆಜ್ಜೆ ಹಿಂದೆ ಸರಿದ. ಅಕ್ಕ ಸರಿಯಲಿಲ್ಲ. ಅವಳು ವೇದಿಕೆಯ ಅಂಚಿಗೆ ಬಂದು ಔಷಧಿ ಅಂಗಡಿಯವನ ಎದುರಿಗೇ ನಿಂತು ಕೈ ಚಾಚಿದಳು. ಅದಕ್ಕೆ ಅನುವಾದ ಬೇಕಿರಲಿಲ್ಲ. ಅವನು ಅತ್ತಿತ್ತ ನೋಡಿದ. ಅವನ ಹಿಂದೆ ಎದ್ದಿದ್ದ ಮೂವರು ಆಗಲೇ ಕೂತಾಗಿತ್ತು. ಕೊನೆಗೆ ಬಾಟಲಿಯನ್ನು ಅವಳ ಕೈಗಿಟ್ಟ. ಅವಳು ಅದನ್ನು ನಿರ್ದೇಶಕನ ಮುಂದಿನ ಮೇಜಿನ ಮೇಲೆ, ನೀರಿನ ಲೋಟದ ಪಕ್ಕ ಇಟ್ಟು, ಮತ್ತೆ ಕೈ ಎತ್ತಿದಳು.

"ನನ್ನ ಮಾತು ಇನ್ನೂ ಮುಗಿದಿಲ್ಲ," ಎಂದ ತಮ್ಮ.

ಅವಳು ಇನ್ನೂ ಹತ್ತು ನಿಮಿಷ ಮಾತಾಡಿದಳು. ಸಿನಿಮಾದಲ್ಲಿ ಕೈಗಳನ್ನು ಹೇಗೆ ತೋರಿಸಬೇಕು, ಬೆಳಕು ಎಲ್ಲಿಂದ ಬೀಳಬೇಕು, ಕಿವಿ ಕೇಳದವರು ಒಬ್ಬರನ್ನೊಬ್ಬರು ಕರೆಯುವುದು ಹೇಗೆ, ಎಲ್ಲವನ್ನೂ ಹೇಳಿದಳು. ತಮ್ಮ ಒಂದಕ್ಷರ ಸೇರಿಸಲಿಲ್ಲ, ಬಿಡಲಿಲ್ಲ. ನಿರ್ದೇಶಕ ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡ. ಸಂಘದವರಲ್ಲಿ ಕೆಲವರು ಎದ್ದು ಹೊರಟರು, ಹೆಚ್ಚಿನವರು ಕೂತು ಕೇಳಿದರು.

ಹೊರಗೆ ಬಂದ ಮೇಲೆ ಅವನು ಅಕ್ಕನೆದುರು ನಿಂತು ತಪ್ಪಾಯಿತು ಎಂದು ಸನ್ನೆ ಮಾಡಿದ. ಅವಳು ಕಣ್ಣು ಮುಚ್ಚಿಕೊಂಡಳು. ಅವಳು ಕಣ್ಣು ಮುಚ್ಚಿದರೆ ಅವನ ಮಾತು ಅಲ್ಲಿಗೇ ನಿಂತಂತೆ. ಹನ್ನೊಂದು ದಿನ ಹಾಗೇ ನಡೆಯಿತು. ಅವನು ಮನೆಗೆ ಹೋದರೆ ಬಾಗಿಲು ತೆರೆಯುತ್ತಿದ್ದಳು, ಟೀ ಕೊಡುತ್ತಿದ್ದಳು, ಅವನ ಕೈ ಎದ್ದ ಕೂಡಲೇ ಕಣ್ಣು ಮುಚ್ಚುತ್ತಿದ್ದಳು. ಸಂಘದಿಂದ ಅವನ ಹೆಸರು ಹೊಡೆದುಹಾಕಿದರು. ಅದು ಅವನನ್ನು ಅಷ್ಟಾಗಿ ಕಾಡಲಿಲ್ಲ.

ಹನ್ನೆರಡನೇ ದಿನ ಸಂಜೆ ಅವನು ಸುಮ್ಮನೆ ಟೀ ಕುಡಿದು ಹೊರಡಲು ಎದ್ದಾಗ ಅಕ್ಕ ಅವನ ಭುಜ ತಟ್ಟಿದಳು.

"ಆ ನಿರ್ದೇಶಕ ಕೆಟ್ಟ ಸಿನಿಮಾ ಮಾಡಿದ. ನನ್ನ ಕೇಳದೆ ನನ್ನ ಬಗ್ಗೆ ಮಾಡಿದ," ಎಂದಳು ಕೈಯಲ್ಲಿ. "ನೀನೂ ಅದನ್ನೇ ಮಾಡಿದೆ."

"ಹೌದು," ಎಂದ ಅವನು.

ಅವಳು ಮೇಜಿನ ಮೇಲಿದ್ದ ಲಕೋಟೆಯನ್ನು ಅವನತ್ತ ತಳ್ಳಿದಳು. ಕಂಪನಿಯದು. ಮುಂದಿನ ಕಥೆಯ ಕರಡನ್ನು ಓದಿ ಹೇಳುತ್ತೀರಾ ಎಂದು ನಿರ್ದೇಶಕ ಕೇಳಿದ್ದ. ತಮ್ಮ ಆಸೆಯಿಂದ ಒಳಗಿನ ಹಾಳೆಗಳಿಗೆ ಕೈ ಹಾಕಿದ. ಅಕ್ಕ ಅವನ ಮಣಿಕಟ್ಟು ಹಿಡಿದು ತಡೆದಳು.

"ನೀನು ಓದೋ ಹಾಗಿಲ್ಲ. ಥಿಯೇಟರ್‌ನಲ್ಲಿ ನೋಡು."

"ಚೆನ್ನಾಗಿದೆಯಾ? ಅಷ್ಟಾದ್ರೂ ಹೇಳು."

ಅವಳು ಎರಡೂ ಕೈಗಳನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡು ಅಡುಗೆಮನೆಗೆ ಹೋದಳು.