ಚಿಗವ್ವನ ಮಾಳಿಗೆಗೆ ಸವುಳು ಮಣ್ಣು

ಶನಿವಾರ ಬಂತೆಂದರೆ ನಮ್ಮವ್ವನಿಗೆ ಮೈಮೇಲೆ ಬಂದಂತಾಗುತ್ತಿತ್ತು. ಕ್ರೈಸ್ತರ ಮನೆಯಲ್ಲಿ ಆಡುವ ಮಾತಲ್ಲ ಇದು, ಗೊತ್ತು. ಆದರೆ ಅವಳನ್ನು ಕಣ್ಣಾರೆ ಕಂಡವರಿಗೆ ಬೇರೆ ಮಾತು ಸಿಗಲಿಕ್ಕಿಲ್ಲ. ವಾರವೆಲ್ಲ ಕೂಡ್ಲಿಗಿಯಲ್ಲಿ ಆಯಾ ಕೆಲಸ ಮಾಡಿ ಸೊಂಟ ಹಿಡಿದುಕೊಳ್ಳುತ್ತಿದ್ದವಳು ಶನಿವಾರ ಬೆಳಿಗ್ಗೆ ಸೆರಗು ಸಿಕ್ಕಿಸಿ, ಸಲಿಕೆ ಹೆಗಲಿಗಿಟ್ಟು ಹೊರಡುತ್ತಿದ್ದಳು. ಹಿಂದೆ ಮಣ್ಣು ಹೊರುವ ಪುಟ್ಟಿ ತಲೆಗಿಟ್ಟುಕೊಂಡು ನಾನು. ಭಾನುವಾರ ಚರ್ಚಿಗೆ, ಇದ್ದೊಂದು ಶನಿವಾರವೂ ಮಣ್ಣುಪಾಲು ಎಂದು ದಾರಿಯುದ್ದ ಗೊಣಗುತ್ತಿದ್ದೆ.

ಊರಂಚಿನಲ್ಲಿ ನಮ್ಮದೊಂದು ಶೀಟಿನ ಚರ್ಚು. ಭಾನುವಾರ ಎಲ್ಲರೂ ಬಂದರೂ ಒಳಗೆ ಜಾಗ ಉಳಿಯುತ್ತಿತ್ತು. ನಮ್ಮ ಪಾಸ್ಟರು ಬೋಧನೆಯಲ್ಲಿ ಅಷ್ಟಕ್ಕಷ್ಟೆ, ಆದರೆ ಪ್ಯಾಂಟು ಮಡಚಿ ಮಣ್ಣಿಗಿಳಿದರೆ ಎತ್ತಿನಂಥ ಆಳು. "ಭಾನುವಾರ ಹಾಡೋದು ಯಾರಿಗಾದ್ರೂ ಬರ್ತೈತಿ, ಶನಿವಾರ ಬರ್ರಿ ನೋಡೂಣು" ಎಂದು ಅವರೇ ಶುರು ಮಾಡಿದ ಕೆಲಸ ಅದು. ಅಕ್ಕಪಕ್ಕದಲ್ಲಿ ಯಾರ ಮನೆ ಸೋರಿದರೂ ಸರಿ, ಗೋಡೆ ಬಿರಿದರೂ ಸರಿ, ಆ ಮನೆಯವರು ಯಾರಿಗೆ ಕೈ ಮುಗಿಯುತ್ತಾರೆ ಎಂದು ಕೇಳದೆ ಹೋಗಿ ರಿಪೇರಿ ಮಾಡಿಕೊಡುವುದು.

ಹತ್ತು ಹನ್ನೆರಡು ವರ್ಷದ ಹಿಂದೆ ಹಾಗೆ ಕೈಗೆತ್ತಿಕೊಂಡದ್ದು ಚಿಗವ್ವನ ಮನೆ. ಚಿಗವ್ವ ನಮಗೆ ರಕ್ತಸಂಬಂಧವಲ್ಲ, ಹಿಂದಿನ ಓಣಿಯ ಕುರಿ ಮನೆತನದ ಹೆಂಗಸು. ಗಂಡ ತೀರಿಕೊಂಡ ಮೇಲೆ ಇದ್ದ ನಾಲ್ಕಾರು ಕುರಿ ಕಾಯ್ದುಕೊಂಡು ಒಬ್ಬಳೇ ಮಗಳನ್ನು ಬೆಳೆಸಿ, ಅರಸೀಕೆರೆ ಕಡೆ ಕೊಟ್ಟಿದ್ದಳು. ಹಿಂದಿನ ವರ್ಷದ ಹಸ್ತ ಮಳೆಗೆ ಅವಳ ಮನೆಗೆ ಸೂರಾಗಿದ್ದ ಮಣ್ಣಿನ ಮಾಳಿಗೆ ಕುಸಿದು, ಹಿತ್ತಲ ಗೋಡೆ ಮಲಗಿತ್ತು. ಅರ್ಧ ಮನೆಗೆ ತಾಡಪತ್ರಿ ಕಟ್ಟಿಕೊಂಡು ಹೇಗೋ ಇದ್ದಳು. ಅಷ್ಟರಲ್ಲಿ ಮಗಳು ಬಸುರಾದಳು.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಹೆರಿಗೆ ಆಸ್ಪತ್ರೆಯಲ್ಲಾದರೂ ಕೂಸಿನ ಜೊತೆ ಬಾಣಂತಿ ಬಂದು ಮಲಗುವುದು ತಾಯಿಯ ಮನೆಯಲ್ಲಿ. ಆದರೆ ಬೀಗಿತಿ ಫೋನು ಮಾಡಿ, ಮಾಳಿಗೆ ಬಿದ್ದ ಮನೆಗೆ ಸೊಸೆಯನ್ನು ಕಳಿಸುವುದಿಲ್ಲ ಎಂದುಬಿಟ್ಟಳು. ಗಂಡ ಸತ್ತಾಗಲೂ ಹೊರಗೆ ಅಳದ ಹೆಂಗಸು ಅವತ್ತು ನಮ್ಮ ಕಟ್ಟೆಯ ಮೇಲೆ ಕುಂತು ಅತ್ತಳು. "ಅಕ್ಕಾ, ಒಂದು ಬಾಣಂತನ ಮಾಡಾಕ ಆಗದಾಕಿ ನಾನೆಂಥ ತಾಯಿ?" ಅಂದಳು. ಅವ್ವ ಒಂದೇ ಮಾತು ಅಂದಳು: "ರೋಹಿಣಿ ಮಳಿ ಬರೋದ್ರಾಗ ನಿನ್ನ ಮನಿ ನಿಂತಿರ್ತೈತಿ. ಏಳು, ಮೂಗು ಒರೆಸ್ಕ."

ಕೆಲಸ ಶುರುವಾದ ದಿನ ಪಾಸ್ಟರು ಸಂಕೋಚದಿಂದ, "ಒಂದು ಪ್ರಾರ್ಥನಿ ಮಾಡ್ಲೇನವ್ವಾ?" ಎಂದು ಕೇಳಿದರು. "ಮಾಡ್ರಿ ಮಾಡ್ರಿ, ಯಾರ ಹೆಸರಿಂದಾದ್ರೂ ಗ್ವಾಡಿ ನಿಂತರ ಸಾಕು" ಅಂದಳು ಚಿಗವ್ವ. ಆದರೆ ಓಣಿಯ ಬಾಯಿಗೆ ಬೀಗ ಹಾಕುವವರು ಯಾರು? 'ಮೊದಲು ಮನಿ ಕಟ್ಟಿಕೊಡ್ತಾರ, ಆಮ್ಯಾಲ ಶಿಲುಬಿ ತೂಗಹಾಕ್ತಾರ' ಎಂದು ನಲ್ಲಿಯ ಹತ್ತಿರ ಮಾತು ಎದ್ದಿತು. ಪಾಸ್ಟರ ಕಿವಿಗೂ ಬಿತ್ತು. ಪಡುವಣ ಗೋಡೆಯಲ್ಲಿ ಚಿಗವ್ವನ ಮನೆದೇವರು ಮೈಲಾರಲಿಂಗನ ಗೂಡಿತ್ತು, ಅದಕ್ಕೆ ಹಳೆ ಸೀರೆ ತುಂಡಿನ ಪರದೆ ಇಳಿಬಿಟ್ಟಿತ್ತು. ಪಾಸ್ಟರು ನಮ್ಮನ್ನೆಲ್ಲ ಒಂದು ಕಡೆ ಕರೆದು ಕಟ್ಟಪ್ಪಣೆ ಮಾಡಿದರು: "ಆ ಗೂಡಿಗೆ ಯಾರೂ ಕೈ ಹಾಕಬಾರದು. ಕಣ್ಣೂ ಹಾಕಬಾರದು."

ಹಾಕಲಿಲ್ಲ. ಉಳಿದ ಗೋಡೆಗಳನ್ನು ಹೊಸದಾಗಿ ಎತ್ತಿದೆವು. ಪಡುವಣ ಗೋಡೆ ಮಾತ್ರ ಕುಡಿದವನ ಹಾಗೆ ಒಳಕ್ಕೆ ವಾಲಿಕೊಂಡು ನಿಂತಿತ್ತು. ಅದಕ್ಕೆ ಎರಡು ಮರದ ಕಂಬ ಆನಿಸಿ, ಅದರ ಪಕ್ಕ ಓಡಾಡುವಾಗೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆವು. ಚಿಗವ್ವನೂ ಪ್ರತಿ ಶನಿವಾರ ಆ ಗೋಡೆ ನೋಡುತ್ತಿದ್ದಳು, ನಮ್ಮ ಮುಖ ನೋಡುತ್ತಿದ್ದಳು, ಸುಮ್ಮನೆ ಚಹಾ ತಂದು ಕೊಡುತ್ತಿದ್ದಳು. ಅಪ್ಪಾ, ಎರಡೂ ಕಡೆಯವರ ಆ ಮುಲಾಜು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಬೇಸಿಗೆ ಮುಗಿಯುತ್ತ ಬಂದಾಗ ಬೀಗಿತಿ ಮನೆ ನೋಡಲು ಬಂದಳು. ಹೊಸ ಗೋಡೆ ತಟ್ಟಿ ನೋಡಿದಳು, ತಲೆದೂಗಿದಳು. ಪಡುವಣ ಗೋಡೆಯ ಮುಂದೆ ನಿಂತು ಸೊಂಟದ ಮೇಲೆ ಕೈ ಇಟ್ಟಳು. "ಈ ಗ್ವಾಡಿ ಬುಡಕ್ಕೆ ಬಾಣಂತಿ, ಕೂಸು ಮಲಗಿಸ್ತೀರೇನ್ರೀ? ಆಗದಿಲ್ಲ ಬಿಡ್ರಿ. ನಮ್ ಮನೇಲೇ ಆಗ್ಲಿ." ಚಹಾ ಕೂಡ ಕುಡಿಯದೆ ಹೊರಟುಹೋದಳು.

ಚಿಗವ್ವ ಕುಸಿದು ಕುಂತಳು. ನಮ್ಮವ್ವನಿಗೆ ತಡೆಯಲಾಗಲಿಲ್ಲ. ಪಾಸ್ಟರು 'ಅಕ್ಕಾ, ಅಕ್ಕಾ' ಅನ್ನುತ್ತಿದ್ದರೂ ಬಾಯಿ ಬಿಟ್ಟೇಬಿಟ್ಟಳು. "ದಾಕ್ಷಿಣ್ಯಕ್ಕ ಬಸುರಾದ್ರ ಹಡಿಯಾಕ ಜಾಗ ಇಲ್ಲಂತ" ಅಂದು, ಎಂಥ ಹೊತ್ತಿನಲ್ಲಿ ಎಂಥ ಗಾದೆ ಬಂತೆಂದು ನಾಲಿಗೆ ಕಚ್ಚಿಕೊಂಡು, "ಯವ್ವಾ, ನಿನ್ನ ದೇವರನ್ನ ಒಂದು ಮಾತು ಕೇಳು. ಎರಡು ವಾರ ಬ್ಯಾರೆ ಕಡಿ ಕುಂದರ್ತಾನೇನು?" ಎಂದಳು.

ಚಿಗವ್ವ ತಲೆ ಎತ್ತಿದಳು. "ಯಾವ ದೇವರಕ್ಕಾ?"

"ಆ ಗೂಡಿನಾಗ ಅದಾನಲ್ಲ, ಅವನು."

"ಅಲ್ಲೆಲ್ಲಿ ಅದಾನ? ನೀವು ಕೆಲಸಕ್ಕ ಬರೋ ಹಿಂದಿನ ದಿನಾನ ವೆಲ್ಡಿಂಗ್ ಅಣ್ಣನ ಮನಿಗೆ ಹೋಗ್ಯಾನ. ಚಾಪುಡಿ ಡಬ್ಬ್ಯಾಗ ಆರಾಮ ಅದಾನ."

ವೆಲ್ಡಿಂಗ್ ಅಣ್ಣ ಅಂದರೆ ಎದುರುಮನೆಯ ಮುಸಲ್ಮಾನ ಸಾಹೇಬರು. ಅವ್ವ ಹೋಗಿ ಪರದೆ ಸರಿಸಿದಳು. ಗೂಡಿನಲ್ಲಿ ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ.

"ಮತ್ತ ಹೇಳಬಾರದೇನ ನೀನು?"

"ಹೆಂಗ ಹೇಳ್ಲಕ್ಕಾ? ನಮ್ಮ ದೇವರಿದ್ದ ಗ್ವಾಡಿ ಮುಟ್ಟಾಕ ನಿಮ್ಮ ದೇವರು ಬ್ಯಾಡ ಅಂದಿರಬೇಕು ಅನ್ಕಂಡೆ. ಇಷ್ಟು ಮಾಡಿದವ್ರಿಗೆ ಅದನ್ನೂ ಮಾಡ್ರಿ ಅಂತ ಯಾವ ಬಾಯಿಲೆ ಕೇಳ್ಲಿ?"

ಪಾಸ್ಟರು ಮಣ್ಣಿನ ಗುಡ್ಡೆಯ ಮೇಲೆ ಕುಂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಚಿಗವ್ವನೂ ಅಳುತ್ತಲೇ ನಕ್ಕಳು. ಆ ಸಂಜೆಯೇ ಗೋಡೆ ಕೆಡವಿದೆವು. ಇನ್ನು ಶನಿವಾರ ಕಾಯುತ್ತ ಕೂರುವ ಹಾಗಿರಲಿಲ್ಲ, ದಿನಾ ಕೆಲಸ. ಸಾಹೇಬರು ಬಂದರು, ನಲ್ಲಿ ಹತ್ತಿರ ಮಾತಾಡುತ್ತಿದ್ದವರೂ ಬಂದು ಕಲ್ಲು ಹೊತ್ತರು.

ಹೊಸ ಗೋಡೆ ಎದೆಮಟ್ಟ ಬಂದಾಗ ಎಲ್ಲರೂ ನಿಂತರು. ಈಗ ದೇವರಿಗೆ ಗೂಡು ಬಿಡಬೇಕು. ಬಿಡುವವರು ಯಾರು? ಅವ್ವ ಕೈಯೊಡ್ಡಿದಳು. "ಕೊಡ್ರಿ ಇಲ್ಲಿ ಕರಣಿ. ಮನಿ ಕಟ್ಟೋದು ನಮ್ಮ ಕೆಲಸ. ಒಳಗ ಯಾರಿರಬೇಕು ಅನ್ನೋದು ಮನಿಯವರಿಗೆ ಬಿಟ್ಟಿದ್ದು." ಬೇರೆಯವರ ಪ್ರಸಾದವನ್ನು ಬಾಯಿಗೂ ಹಾಕದ ಹೆಂಗಸು ಆ ಗೂಡಿನ ಅಂಚನ್ನು ಹೆಬ್ಬೆರಳಿನಿಂದ ತೀಡಿ ತೀಡಿ ನುಣುಪು ಮಾಡಿದಳು. ಪಾಸ್ಟರು ಆ ಹೊತ್ತಿಗೆ ಸರಿಯಾಗಿ ಬಾಯಾರಿಕೆ ಎಂದು ಆಚೆ ತಿರುಗಿ ನೀರು ಕುಡಿಯುತ್ತ ನಿಂತರು. ಎಷ್ಟು ಹೊತ್ತು ಕುಡಿದರೋ ಮಾರಾಯರು!

ಕೊನೆಗೆ ಮಾಳಿಗೆ. ಜಂತಿಯ ಮೇಲೆ ಬಂದ್ರಿ ಸೊಪ್ಪು ಹಾಸಿ, ಮಣ್ಣು ಮೆತ್ತಿ, ಎಲ್ಲಕ್ಕಿಂತ ಮೇಲೆ ಸವುಳು ಮಣ್ಣು. ಬೆಳೆ ಬಾರದ, ಉಪ್ಪುಪ್ಪಾದ ಮಣ್ಣದು. ಹೊಲದವರಿಗೆ ಬೇಡ, ಮಾಳಿಗೆಗೆ ಅದೇ ಬೇಕು, ಹನಿ ನೀರು ಕೆಳಗಿಳಿಯಲು ಬಿಡುವುದಿಲ್ಲ. ವರ್ಷಾವರ್ಷ ಮಳೆಗೆ ಮುಂಚೆ ಹೊಸದಾಗಿ ಹಾಕಬೇಕು ಅಷ್ಟೆ. ಅವ್ವ, ಚಿಗವ್ವ ಇಬ್ಬರೂ ಮೇಲೆ ಹತ್ತಿ ಅಂಗೈಯಿಂದ ತಟ್ಟುತ್ತ, ಬೀಗಿತಿಯ ಮಾತು ಅಣಕಿಸುತ್ತ ನಕ್ಕದ್ದು ಓಣಿಗೆಲ್ಲ ಕೇಳಿಸಿತು. ಈ ಸಲ ಬೀಗಿತಿ ಒಪ್ಪಿ ಸೊಸೆಯನ್ನು ಕಳಿಸಿದಳು, ರೋಹಿಣಿ ಮಳೆ ಬಂದಾಗ ಮಗಳು ಒಳಗಿದ್ದಳು. ಒಂದು ಹನಿ ಸೋರಲಿಲ್ಲ. ತಿಂಗಳೊಳಗೆ ಕೂಸೂ ಬಂತು, ಅದಕ್ಕೆ ಮೊದಲ ನೀರು ಹಾಕಿದವಳೂ ನಮ್ಮವ್ವನೇ.

ಆ ಶನಿವಾರಗಳು ಈಗ ಬೇಕೆಂದರೂ ಸಿಗವು. ಪಾಸ್ಟರಿಗೆ ಮೊಣಕಾಲು ನೋವು, ಓಣಿಯ ಮಾಳಿಗೆಗಳೆಲ್ಲ ಆರ್‌ಸಿಸಿಯಾದವು. ನಾನು ಹಡಗಲಿಯಲ್ಲಿ ಟೀಚರು. ಗೊಣಗುತ್ತ ಹೊತ್ತ ಆ ಪುಟ್ಟಿಯ ಭಾರಕ್ಕೆ ನನ್ನ ತಲೆ ಇವತ್ತಿಗೂ ಹಂಬಲಿಸುತ್ತದೆ.

ಅವ್ವ ತೀರಿಕೊಂಡದ್ದು ಹೋದ ಬೇಸಿಗೆಯ ಕೊನೆಗೆ. ಸಮಾಧಿಯ ಹತ್ತಿರ ಪಾಸ್ಟರು ಪ್ರಾರ್ಥನೆ ಮುಗಿಸಿದರು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು, ಗುಂಡಿ ಮುಚ್ಚಿದರು. ಜನ ಚದುರುತ್ತಿದ್ದಾಗ ಚಿಗವ್ವ ಬಂದಳು. ಹಿಂದೆ ಅವಳ ಮಗಳು, ತಲೆಯ ಮೇಲೆ ಪುಟ್ಟಿ. ಅದರಲ್ಲಿ ಬೆಳ್ಳಗಿನ ಮಣ್ಣು. ನಾನು ನೋಡಿದ ಕೂಡಲೇ ಗುರುತಿಸಿದೆ, ಸವುಳು ಮಣ್ಣು.

"ಮಳಿ ದಿನ ಬಂದ್ವಲ್ಲ" ಎಂದಳು ಚಿಗವ್ವ, ಪಾಸ್ಟರ ಕಡೆ ನೋಡುತ್ತ. "ಅಕ್ಕ ತೋಯಿಸ್ಕಬಾರದು. ಹಾಕ್ಲೇನ್ರಿ?"

ಈ ಸಲ ಪಾಸ್ಟರು ಆಚೆ ತಿರುಗಲಿಲ್ಲ. ನೋಯುವ ಮೊಣಕಾಲೂರಿ ಕುಂತು ಅವರೂ ಮಣ್ಣು ಹರಡಿದರು. ಚಿಗವ್ವ ಸಮಾಧಿಯ ಉದ್ದಕ್ಕೂ ಅಂಗೈಯಿಂದ ತಟ್ಟಿದಳು, ಅವತ್ತು ಮಾಳಿಗೆಯ ಮೇಲೆ ತಟ್ಟಿದ ಹಾಗೆಯೇ. ನಾನು ಬಿಕ್ಕುತ್ತಿದ್ದೆ. ಅವಳು ಎದ್ದು, ಮಣ್ಣುಗೈಯನ್ನೇ ನನ್ನ ತಲೆಯ ಮೇಲಿಟ್ಟಳು.

"ಇದನ್ನ ವರ್ಷಾ ಹಾಕಬೇಕಾಕ್ಕೈತಿ ಮಗಳ. ನೀನು ಹಡಗಲಿಯಿಂದ ಬರಾಕ ಆಗಲಿಲ್ಲಂದ್ರ ಚಿಂತಿ ಮಾಡಬ್ಯಾಡ. ನಾ ಅದೀನಿ."