ಕಿವಿ ಮೇಸ್ತ್ರಿಯ ಕಿವಿ

ಹಳೇ ಮೋಟಾರ್‌ಸೈಕಲ್ ಸಾಕುವವರದು ಒಂದು ಬೇರೆಯೇ ಕುಲ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಕುರ್ಚಿ ಬಿಟ್ಟೇಳದವರು, ಗಾಡಿಯಡಿ ಒಂದು ಹನಿ ಪೆಟ್ರೋಲು ಬಿದ್ದರೆ ಎದ್ದುಬಿದ್ದು ಓಡುತ್ತಾರೆ. ಅಂಥವರೆಲ್ಲ ಕೊನೆಗೆ ಬಂದು ಸೇರುತ್ತಿದ್ದದ್ದು ಕಿವಿ ಮೇಸ್ತ್ರಿಯ ಶೆಡ್ಡಿಗೆ.

ಶೆಡ್ಡು ರಸ್ತೆಯ ಕಡೆಗೆ, ಮನೆ ಅದರ ಬೆನ್ನಿಗೆ. ನಡುವೆ ಇದ್ದದ್ದು ಒಂದೇ ಇಟ್ಟಿಗೆ ಗೋಡೆ. ಗೋಡೆಯ ಈಚೆ ಮೊಳೆಗಳಿಗೆ ಸ್ಪ್ಯಾನರುಗಳು, ಆಚೆ ಮೊಳೆಗಳಿಗೆ ಸೌಟುಗಳು. ಗ್ರೀಸಿನ ವಾಸನೆ ಒಳಗೆ ಹೋಗುವುದು, ಒಗ್ಗರಣೆಯ ಘಾಟು ಹೊರಗೆ ಬರುವುದು, ಇವೆರಡೂ ಮದುವೆಯಾದಂದಿನಿಂದ ನಡೆದುಕೊಂಡು ಬಂದಿದ್ದವು.

ಮೇಸ್ತ್ರಿಗೆ ಆ ಹೆಸರು ಬಂದದ್ದು ಕಾರ್ಬುರೇಟರಿನಿಂದ. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಇಂಜಿನ್ನಿಗೆ ಉಣಿಸುವ ಆ ಮುಷ್ಟಿಗಾತ್ರದ ಲೋಹದ ತುಂಡು ಕೆಟ್ಟರೆ ಎಂಥ ಗಾಡಿಯೂ ಮುನಿಸಿಕೊಂಡ ಅಳಿಯನಂತೆ ಬಾಗಿಲಲ್ಲೇ ನಿಂತುಬಿಡುತ್ತದೆ. ಅದನ್ನು ಬಿಚ್ಚಿ ತೊಳೆದು ಜೋಡಿಸುವುದು ಕೈ ಓಡುವ ಯಾರಿಗಾದರೂ ಬಂದೀತು. ಜೋಡಿಸಿದ ಮೇಲೆ ಹದ ಹಿಡಿಯುವುದು ಮಾತ್ರ ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಬೇರೆ ಶೆಡ್ಡುಗಳಲ್ಲಿ ಅದಕ್ಕೆ ಮೀಟರು, ಕೊಳವೆ ಎಲ್ಲ ಇದ್ದವು. ನಮ್ಮ ಮೇಸ್ತ್ರಿಗೆ ಒಂದು ಗಿಡ್ಡ ಸ್ಕ್ರೂಡ್ರೈವರ್ ಸಾಕಿತ್ತು. ಇಂಜಿನ್ನನ್ನು ನಿಧಾನ ಓಡಲು ಬಿಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಗಾಳಿಯ ಸ್ಕ್ರೂಗೆ ಅದನ್ನು ಹಚ್ಚಿ, ಕಣ್ಣು ಮುಚ್ಚಿ ತಲೆಯನ್ನು ಎಡಕ್ಕೆ ವಾಲಿಸುತ್ತಿದ್ದ. ಗಿರಾಕಿಗಳು ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದರು.

ಅಡುಗೆಮನೆಯಲ್ಲಿ ಮಾತ್ರ ಯಾರೂ ಉಸಿರು ಬಿಗಿ ಹಿಡಿಯುತ್ತಿರಲಿಲ್ಲ.

“ಏನ್ರೀ ಅದು, ಒಂದು ಕಾಲು ಕುಂಟ್ತಾ ಇದೆ!” ಎಂದು ಹೆಂಡತಿ ಒಳಗಿನಿಂದ ಕೂಗುವಳು. ಮೇಸ್ತ್ರಿ ಮುಖ ಸಿಂಡರಿಸಿ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸುವನು. “ಈಗ ಕೆಮ್ಮು ಶುರುವಾಯ್ತು ನೋಡಿ! ತಲೆ ಚಿಟ್ಟುಹಿಡಿದು ಹೋಯ್ತು!” ಮೇಸ್ತ್ರಿ ಸ್ವಲ್ಪ ಹಿಂದಕ್ಕೆ ತಿರುಗಿಸುವನು. ಒಂದು ಹೊತ್ತಿನಲ್ಲಿ ಒಳಗೆ ಗಪ್‌ಚುಪ್ಪಾಗುವುದು. ಆಗ ಮೇಸ್ತ್ರಿ ಕಣ್ಣು ಬಿಟ್ಟು “ಆಯ್ತು” ಅನ್ನುವನು. ಇಂಜಿನ್ನು ನಿದ್ದೆಹೋದ ಮಗುವಿನ ಉಸಿರಿನಂತೆ ಆಡುತ್ತಿರುವುದು. ಇಂಥ ಗಲಾಟೆಯ ನಡುವೆಯೂ ಕೇಳಿಸಿಕೊಳ್ಳುತ್ತಾನಲ್ಲ ಪುಣ್ಯಾತ್ಮ ಎಂದು ಗಿರಾಕಿಗಳು ಬೆರಗಾಗುವರು. ಹಾಗೆ ಬೆರಗಾದವರಲ್ಲಿ ಮೇಸ್ತ್ರಿಯೂ ಒಬ್ಬ.

ಒಂದು ದಿನ ಹಲ್ಲಿನ ಡಾಕ್ಟರೊಬ್ಬರು ಟೆಂಪೋದಲ್ಲಿ ಒಂದು ಗಾಡಿ ಹೇರಿಕೊಂಡು ಬಂದರು. ಅವರ ಸೋದರಮಾವನ ಕಾಲದ್ದು. ಎರಡು ಸಿಲಿಂಡರು, ಎರಡು ಕಾರ್ಬುರೇಟರು. ಮಾವ ತೀರಿಕೊಂಡ ಮೇಲೆ ಗೋದಾಮಿನಲ್ಲಿ ಗೋಣಿಚೀಲ ಹೊದ್ದು ಮಲಗಿತ್ತು. ಬರುವ ಭಾನುವಾರ ಹಳೇ ಗಾಡಿಗಳ ಮೆರವಣಿಗೆ, ಅದರಲ್ಲಿ ಇದನ್ನು ಓಡಿಸಬೇಕು ಎಂಬುದು ಡಾಕ್ಟರ ಆಸೆ.

“ಮೇಸ್ತ್ರಿಗಳೇ, ಎಲ್ಲಿ ಹೋದ್ರೂ ನಿಮ್ಮ ಕಿವಿ ಸುದ್ದೀನೇ. ಅದು ಹೇಗೆ ಗೊತ್ತಾಗುತ್ತೆ ನಿಮಗೆ?” ಎಂದು ಡಾಕ್ಟರು ಕೇಳಿದರು.

ಹೊಗಳಿಕೆಗೆ ಹಿಗ್ಗದ ಮೇಸ್ತ್ರಿ ಇನ್ನೂ ಹುಟ್ಟಿಲ್ಲ. “ಹುಟ್ಟಿನಿಂದ ಬಂದಿದ್ದು ಡಾಕ್ಟ್ರೇ. ಮೂವತ್ತು ವರ್ಷ ಒಳಗಿಂದ ಈ ಗೊಣಗಾಟ ಕೇಳಿಯೂ ಕಿವಿ ಕೆಟ್ಟಿಲ್ಲ ಅಂದ್ರೆ ನೀವೇ ನೋಡಿ. ಇವಳೊಬ್ಬಳು ಬಾಯಿ ಮುಚ್ಕೊಂಡಿದ್ದಿದ್ರೆ ನಾನು ಇಷ್ಟೊತ್ತಿಗೆ ಎಲ್ಲೋ ಇರ್ತಿದ್ದೆ!”

ಕಾಫಿ ತಂದ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಡಾಕ್ಟರು ಮರ್ಯಾದೆಗೆ ನಕ್ಕರು. ಅವಳ ಮುಖದಲ್ಲಿ ಸಿಟ್ಟಿಗಿಂತ ಮೊದಲು ಅಚ್ಚರಿ ಬಂತು, ಏನೋ ಹೊಸ ಸುದ್ದಿ ಕೇಳಿದವಳ ಹಾಗೆ. ಲೋಟಗಳನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು.

“ಅಕ್ಕ ಕಾಲು ಮುರ್ಕೊಂಡು ಕೂತಿದಾಳೆ. ನೋಡ್ಕೊಳ್ಳೋಕೆ ಹೋಗ್ತೀನಿ.”

“ಯಾವಾಗ ಬರ್ತೀಯ?”

“ನಿಮ್ಮ ಕಿವಿಗೆ ಬೇಕಾದಷ್ಟು ರೆಸ್ಟ್ ಸಿಕ್ಕ ಮೇಲೆ.”

ಅಕ್ಕನ ಮನೆ ಊರಿನ ಆ ತುದಿಗೆ. ಮೇಸ್ತ್ರಿ ನಿಜ ಹೇಳಬೇಕೆಂದರೆ ಮೊದಲು ಖುಷಿಯಾದ. ಊಟದ ಮೇಜಿನ ಮೇಲೆ ಹಳೇ ಚಾದರ ಹಾಸಿ ಎರಡೂ ಕಾರ್ಬುರೇಟರುಗಳನ್ನು ಹರವಿಕೊಂಡು ಕೂತ. ಹೆಂಡತಿ ಇದ್ದಿದ್ದರೆ ಆ ಮೇಜಿನ ಹತ್ತಿರ ಒಂದು ನಟ್ಟು ತರಲೂ ಧೈರ್ಯ ಸಾಲುತ್ತಿರಲಿಲ್ಲ. ತಳದ ಬಟ್ಟಲುಗಳಲ್ಲಿ ಹಳೇ ಪೆಟ್ರೋಲು ಒಣಗಿ ಅಂಟಾಗಿತ್ತು. ಅದನ್ನು ನೆನೆಸಿ, ಕೆರೆದು, ಪಂಪಿನಿಂದ ಗಾಳಿ ಊದಿ ಒಂದೊಂದೇ ದಾರಿ ಬಿಡಿಸಿದ. ಸೂಜಿಮೊನೆಯಷ್ಟು ತೂತಿನ ಹಿತ್ತಾಳೆ ಜೆಟ್ಟುಗಳನ್ನು ಬ್ರಷ್ಷಿನ ಒಂದೇ ಒಂದು ಎಳೆಯಿಂದ ಶುಚಿ ಮಾಡಿದ. ತಂತಿ ತೂರಿಸಿದರೆ ತೂತು ದೊಡ್ಡದಾಗಿ ಗಾಡಿ ಜೀವನಪೂರ್ತಿ ಪೆಟ್ರೋಲು ಕುಡುಕನಾಗುತ್ತದೆ. ಬಟ್ಟಲಲ್ಲಿ ತೇಲುವ ಟೊಳ್ಳು ಹಿತ್ತಾಳೆ ಡಬ್ಬಿಗಳಲ್ಲಿ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಪೆಟ್ರೋಲು ಕುಲುಕಿತು. ಒಲೆ ಆರಿಸಿ, ಬಿಸಿನೀರಿನಲ್ಲಿ ಅದ್ದಿದ. ಸಣ್ಣ ಗುಳ್ಳೆಗಳ ಸಾಲೆದ್ದು ತೂತು ಎಲ್ಲಿದೆ ಎಂದು ತಾನೇ ತೋರಿಸಿಕೊಟ್ಟಿತು. ಒಳಗಿನದನ್ನೆಲ್ಲ ಬಸಿದು, ಒಣಗಿಸಿ, ಬೆಸುಗೆ ಹಾಕಿದ. ಡೊಂಕಾಗಿದ್ದ ಅಂಚುಗಳನ್ನು ಗಾಜಿನ ಮೇಲೆ ಹಾಸಿದ ನಯವಾದ ಎಮೆರಿ ಕಾಗದದ ಮೇಲೆ ಉಜ್ಜಿ ಸಮ ಮಾಡಿದ. ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಿದ. ಈ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದು ಸುಳ್ಳಲ್ಲ.

ಮೂರನೆಯ ಕಿಕ್ಕಿಗೆ ಇಂಜಿನ್ನು ಎದ್ದಿತು. ಡಾಕ್ಟರು ಕ್ಲಿನಿಕ್ಕಿಗೆ ಬೀಗ ಜಡಿದು ಬಂದು ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತ, ಕಣ್ಣು ಮುಚ್ಚಿದ, ತಲೆ ಎಡಕ್ಕೆ ವಾಲಿಸಿದ, ಸ್ಕ್ರೂ ಒಂದಿಷ್ಟು ತಿರುಗಿಸಿದ. ಕಾದ. ಏನೂ ಆಗಲಿಲ್ಲ.

ಏನಾಗಬೇಕಿತ್ತು ಎಂಬುದೂ ಅವನಿಗೆ ಹೊಳೆಯಲಿಲ್ಲ. ಸದ್ದೇನೋ ಬರುತ್ತಿತ್ತು, ಚೈನಿನ ಸದ್ದು, ವಾಲ್ವುಗಳ ಟಕಟಕ, ಸೈಲೆನ್ಸರಿನ ಗುಡುಗುಡು, ಸಂತೆಯಲ್ಲಿ ನಿಂತ ಹಾಗೆ ಎಲ್ಲ ಒಟ್ಟಿಗೆ. ಬಲಗಡೆಯದನ್ನು ತಿರುಗಿಸಿದ, ಎಡಗಡೆಯದನ್ನು ತಿರುಗಿಸಿದ. ಮೊದಲಿದ್ದಲ್ಲಿಗೆ ತಂದ. ಸೈಲೆನ್ಸರುಗಳ ಬಾಯಿಗೆ ಎರಡೂ ಅಂಗೈ ಹಿಡಿದು ಹೊಗೆಯ ಬಡಿತ ನೋಡಿದ. ಇಂಜಿನ್ ಆರಿಸಿ ಪ್ಲಗ್ಗು ಬಿಚ್ಚಿದರೆ ಒಂದು ಪೆಟ್ರೋಲು ಹೆಚ್ಚಾಗಿ ಮಸಿಯಂತೆ ಕಪ್ಪು, ಇನ್ನೊಂದು ಕಮ್ಮಿಯಾಗಿ ಸುಣ್ಣದಂತೆ ಬಿಳುಪು. ಅವನ ಕೈಯಿಂದ ಅಂಥ ಪ್ಲಗ್ಗು ಎಂದೂ ಹೊರಬಿದ್ದಿರಲಿಲ್ಲ.

ಪ್ಲಗ್ಗು ಕೂರಿಸಿ ಮತ್ತೆ ಸ್ಟಾರ್ಟ್ ಮಾಡಿ, “ನೀರು ಕುಡಿದು ಬರ್ತೀನಿ” ಎಂದು ಒಳಗೆ ಹೋದ. ಅಡುಗೆಮನೆಯಲ್ಲಿ ಹೆಂಡತಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತರೆ ಸೋಜಿಗ. ಚೈನೂ ವಾಲ್ವೂ ಗೋಡೆಯಲ್ಲೇ ಇಂಗಿಹೋಗಿ, ಬರೀ ಎರಡು ಕಾಲಿನ ಹೆಜ್ಜೆಸದ್ದು ಬರುತ್ತಿತ್ತು. ಒಂದು ಕಾಲು ಕುಂಟುತ್ತಿತ್ತು, ನಿಜ. ಆದರೆ ಯಾವುದು? ಓಡಿಬಂದು ಸ್ಕ್ರೂ ಮುಟ್ಟುವಷ್ಟರಲ್ಲಿ ಮರೆತುಹೋಯಿತು. ಮತ್ತೆ ಒಳಗೆ ಹೋದ, ಮತ್ತೆ ಓಡಿಬಂದ.

“ಎಷ್ಟು ನೀರು ಕುಡೀತೀರಿ ಮೇಸ್ತ್ರಿಗಳೇ? ಸಕ್ಕರೆ ಕಾಯಿಲೆ ಏನಾದ್ರೂ ಇದೆಯಾ, ಟೆಸ್ಟ್ ಮಾಡಿಸಿ” ಎಂದರು ಡಾಕ್ಟರು. ಆಮೇಲೆ ಅವನು ಕೂತ ಭಂಗಿಯನ್ನೇ ನೋಡುತ್ತ, “ಒಂದು ಕೇಳಲಾ? ಬೇಜಾರು ಮಾಡ್ಕೋಬೇಡಿ. ನಿಮ್ಮ ಕಿವಿ ಗಾಡಿ ಕಡೆ ಇಲ್ಲ, ಗೋಡೆ ಕಡೆ ಇದೆ” ಎಂದರು.

ಮೇಸ್ತ್ರಿ ಕಣ್ಣು ಬಿಟ್ಟ. ಎಡಗಿವಿ ನೆಟ್ಟಗೆ ಅಡುಗೆಮನೆಯ ಗೋಡೆಗೆ ತಿರುಗಿತ್ತು. ಇಷ್ಟು ವರ್ಷ ಅವನು ಕೇಳಿಸಿಕೊಂಡದ್ದು ಇಂಜಿನ್ನನ್ನಲ್ಲ. ಬೈಗುಳ ನಿಲ್ಲುವ ತನಕ ಸ್ಕ್ರೂ ತಿರುಗಿಸಿದ್ದ, ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇವನಂತೂ ಆ ಗಿಡದ ಕಷಾಯವನ್ನೇ ಊರಿಗೆಲ್ಲ ಹಂಚಿ ತನ್ನದೆಂದು ಹೆಸರು ಮಾಡಿದ್ದ.

ಡಾಕ್ಟರು ಹೋದ ಮೇಲೆ ಅಕ್ಕನ ಮನೆಗೆ ಫೋನ್ ಮಾಡಿದ. “ಅವಳು ಕೆಲಸದಲ್ಲಿದಾಳೆ” ಎಂದು ಅಕ್ಕನೇ ಹೇಳಿ ಇಟ್ಟುಬಿಟ್ಟಳು. ಭಾನುವಾರ ಹತ್ತಿರವಾಗುತ್ತಿತ್ತು. ಈ ಗಾಡಿ ಕುಂಟುತ್ತ ಮೈದಾನಕ್ಕೆ ಹೋದರೆ ಹೆಸರು ಮಣ್ಣುಪಾಲು, ಅದು ಒಂದು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ತಾನು ಆಡಿದ ಮಾತಿಗೆ ಅವಳು ಬರದೇ ಉಳಿದರೆ? ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಒಂದು ದಿನ ಪೂರ್ತಿ ಬೀಗಿಕೊಂಡು ಕೂತ. ಮನೆಯ ಮೌನ ಕಿವಿಗೆ ಹೊಡೆಯಿತು. ಮರುದಿನ ಬೆಳಿಗ್ಗೆ ಬಂದ ಡಾಕ್ಟರಿಗೆ, “ಹತ್ತಿ, ಟ್ಯೂನಿಂಗಿಗೆ ಹೋಗೋಣ” ಎಂದ.

ಗಾಡಿ ಊರಿನ ಉದ್ದಕ್ಕೂ ಎಡವಿಕೊಂಡು, ಕೆಮ್ಮಿಕೊಂಡು ಹೋಯಿತು. ಸಿಗ್ನಲ್ಲುಗಳಲ್ಲಿ ಜನ ತಿರುಗಿ ನೋಡುತ್ತಿದ್ದರು. ಹಿಂದೆ ಕೂತ ಡಾಕ್ಟರು ತಮ್ಮ ರೋಗಿಗಳು ಯಾರಾದರೂ ಕಂಡಾರು ಎಂದು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡರು. ಅಕ್ಕನ ಮನೆ ಒಂದು ಗಲ್ಲಿಯಲ್ಲಿ, ನೆಲಮಹಡಿ. ಅಡುಗೆಮನೆಯ ಕಿಟಕಿಗೆ ಅರ್ಧ ಪರದೆ. ಮೇಸ್ತ್ರಿ ಅದರ ಕೆಳಗೇ ಗಾಡಿ ನಿಲ್ಲಿಸಿ ಇಂಜಿನ್ನನ್ನು ಓಡಲು ಬಿಟ್ಟು, ಸ್ಕ್ರೂಡ್ರೈವರ್ ಹಿಡಿದು ಕೂತ.

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಆದರೆ ಮಾತು ಬರಲಿಲ್ಲ. ಮೇಸ್ತ್ರಿ ಸ್ಕ್ರೂ ತಿರುಗಿಸಿದ. ಮಾತಿಲ್ಲ. ಬೇಕೆಂದೇ ಪೂರಾ ಕೆಡಿಸಿದ. ಗಾಡಿ ದಮ್ಮು ಹಿಡಿದವರಂತೆ ಏದುಸಿರು ಬಿಟ್ಟಿತು. ಆಗಲೂ ಮಾತಿಲ್ಲ. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು.

“ಒಳಗಿಂದ ಏನೂ ಬೈತಾ ಇಲ್ವಲ್ಲ,” ಡಾಕ್ಟರು ಪಿಸುಗುಟ್ಟಿದರು. “ಅಂದ್ರೆ ಸರಿಯಾಯ್ತು ಅಂತಾನಾ?”

ಮೂವತ್ತು ವರ್ಷ ಅವಳು ಸುಮ್ಮನಾದರೆ ಸರಿಯಾಯಿತೆಂದೇ ಅರ್ಥವಾಗಿತ್ತು. ಇದು ಆ ಮೌನವಲ್ಲ. ಮೇಸ್ತ್ರಿ ಇಂಜಿನ್ ಆರಿಸಿ, ಕೈ ಒರೆಸಿಕೊಂಡು ಒಳಗೆ ಹೋದ. ಹೆಂಡತಿ ಸಿಂಕಿನ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಅಕ್ಕ ಕಾಲು ಚಾಚಿ ಕುರ್ಚಿಯಲ್ಲಿದ್ದಳು. ಡಾಕ್ಟರು ಹೊಸ್ತಿಲಲ್ಲಿ.

“ಡಾಕ್ಟ್ರೇ, ಅವತ್ತು ನಿಮ್ಮ ಮುಂದೆ ಒಂದು ಮಾತು ಹೇಳಿದ್ನಲ್ಲ, ಅದು ಸುಳ್ಳು” ಎಂದ ಮೇಸ್ತ್ರಿ. ದನಿ ಸಣ್ಣದಾಯಿತು. “ನನಗೆ ಕಿವಿ ಇಲ್ಲ. ಇವಳು ಸುಮ್ಮನಾಗೋ ತನಕ ತಿರುಗಿಸ್ತಿದ್ದೆ. ನನಗೇ ಗೊತ್ತಿರಲಿಲ್ಲ.”

ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಗು ತಡೆದಳು. ಹೆಂಡತಿ ತಿರುಗಲಿಲ್ಲ. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, “ಹೋಗಿ ಸ್ಟಾರ್ಟ್ ಮಾಡಿ” ಎಂದಳು.

ಅವನು ಓಡಿದ. ಕಿಟಕಿಯಿಂದ ಮಾತು ಬಂತು. “ಎಡಗಡೇದು. ಅಯ್ಯೋ, ಆ ಕಡೆ ಅಲ್ಲ, ವಾಪಸ್ ತಗೊಳ್ಳಿ. ಇನ್ನೂ ಸ್ವಲ್ಪ. ಈಗ ಬಲಗಡೇದು ದಾಪುಗಾಲು ಹಾಕ್ತಾ ಇದೆ, ಅದನ್ನ ಹಿಡೀರಿ. ಹಿಡೀರಿ. ಹಾಂ.” ಆಮೇಲೆ ಮೌನ. ಗಾಡಿ ನಿಂತಲ್ಲೇ ನಿಂತು, ಎರಡೂ ಕಾಲು ಸಮವಾಗಿ ಹಾಕುತ್ತ, ಹಗುರವಾಗಿ ಆಡತೊಡಗಿತು. ಡಾಕ್ಟರು ಸೋದರಮಾವನನ್ನೇ ಕಂಡವರ ಹಾಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಿಟಕಿಯ ಕಡೆಗೆ ಕೈಮುಗಿದು, ಗಾಡಿ ಹತ್ತಿ ಹೋದರು.

ಹೆಂಡತಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಮೇಸ್ತ್ರಿ ಒಂದು ಮೆಟ್ಟಿಲು ಕೆಳಗೆ ಕೂತ.

“ನಿನಗೆ ಗೊತ್ತಿತ್ತಾ?” ಎಂದು ಕೇಳಿದ.

“ಗೊತ್ತಿಲ್ದೆ ಏನು? ಮೊದಮೊದಲು ನಿಜವಾಗ್ಲೂ ತಲೆನೋವಿಗೇ ಕೂಗ್ತಿದ್ದೆ. ಆಮೇಲೆ ನೋಡಿದ್ರೆ, ನಾನು ಕೂಗಿದ ಹಾಗೆಲ್ಲ ಸದ್ದು ಬದಲಾಗೋದು. ಓ, ಇವರು ನನ್ನ ಮಾತು ಕೇಳಿ ಮಾಡ್ತಿದಾರೆ ಅಂತ, ಒಲೆ ಸಣ್ಣ ಮಾಡಿ, ನಿಂತು ಕೇಳೋಕೆ ಶುರು ಮಾಡ್ದೆ. ನೀವು ಗಾಡಿ ಸ್ಟಾರ್ಟ್ ಮಾಡಿದ್ರೆ ನಾನು ಕೈಯಲ್ಲಿದ್ದ ಕೆಲಸ ಬಿಡ್ತಿದ್ದೆ.” ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. “ನಾವಿಬ್ರೂ ಸೇರಿ ಮಾಡ್ತಿದೀವಿ ಅಂದ್ಕೊಂಡಿದ್ದೆ ರೀ. ನಿಮಗೂ ಗೊತ್ತಿದೆ ಅಂತ.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೈಗುಳ ಅವನಿಗೆ ಅಭ್ಯಾಸ. ಈ ಮಾತಿಗೆ ನಾಚಿಕೆಯಿಂದ ತಲೆ ತಗ್ಗಿತು. ಮೂವತ್ತು ವರ್ಷ ತನಗೊಬ್ಬಳು ಜೊತೆಗಾರ್ತಿ ಇದ್ದಳು, ತಾನು ಮಾತ್ರ ಒಂಟಿಯಾಗಿ ದುಡಿದಿದ್ದ.

“ಮನೆಗೆ ಬರ್ತೀಯ?” ಎಂದ ಕೊನೆಗೆ.

“ಅಕ್ಕ ಎದ್ದು ಓಡಾಡೋ ತನಕ ಎಲ್ಲಿ ಬರಲಿ? ಅಲ್ಲೀವರೆಗೂ ಗಾಡಿಗಳನ್ನ ಇಲ್ಲಿಗೇ ತನ್ನಿ.”

ಮುಂದಿನ ವಾರ ಇನ್ನೊಬ್ಬ ಗಿರಾಕಿಯ ಗಾಡಿ ತಯಾರಾಯಿತು. ಕಾರ್ಬುರೇಟರು ಕೂರಿಸಿಯಾದ ಮೇಲೆ ಮೇಸ್ತ್ರಿ ಶೆಡ್ಡಿನ ಬಾಗಿಲು ಎಳೆದು ಬೀಗ ಹಾಕಿದ್ದು ನೋಡಿ ಗಿರಾಕಿ ಗಾಬರಿಯಾದ.

“ಎಲ್ಲಿಗೆ ಮೇಸ್ತ್ರಿಗಳೇ? ಇಲ್ಲೇ ಟ್ಯೂನ್ ಮಾಡಲ್ವಾ?”

“ನಾನು ಬಿಚ್ಚಿ ಜೋಡಿಸೋನು” ಎಂದ ಮೇಸ್ತ್ರಿ, ಕಿಕ್ಕರಿನ ಮೇಲೆ ಕಾಲಿಡುತ್ತ. “ಟ್ಯೂನ್ ಮಾಡೋರು ಅಲ್ಲಿದಾರೆ. ಹತ್ತಿ.”