ಬಾವಿಕಟ್ಟೆಯಲ್ಲಿ ತಿರುಗದ ಇಂಜಿನ್

ಯಂತ್ರಕ್ಕೆ ದೃಷ್ಟಿ ತಾಗುತ್ತದೆ, ಗಾಳಿ ಸೋಕುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಲಿಂಗರಾಜಪುರದಲ್ಲಿ ಸಣ್ಣ ಇಂಜಿನ್‌ಗಳ ರಿಪೇರಿ ಅಂಗಡಿ ಇಟ್ಟುಕೊಂಡು ಬದುಕಿದವನು ನಾನು. ಜನರೇಟರ್, ನೀರೆತ್ತುವ ಪಂಪು, ಕಬ್ಬಿನ ಹಾಲಿನ ಗಾಡಿಯ ಇಂಜಿನ್, ಏನೇ ಬಂದರೂ ಕೆಟ್ಟದ್ದಕ್ಕೆ ಒಂದು ಕಾರಣ ಒಳಗೆ ಇದ್ದೇ ಇರುತ್ತಿತ್ತು. ಆಯುಧಪೂಜೆಗೆ ನಾನೂ ನಿಂಬೆಹಣ್ಣು ಕಟ್ಟುತ್ತಿದ್ದೆ, ಅದು ಗಿರಾಕಿಗಳ ಸಮಾಧಾನಕ್ಕೆ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಬಂದು ನನಗೆ ಹೇಳಿದ್ದರೆ ಒಂದು ಟೀ ಕುಡಿಸಿ, ಬೆನ್ನು ತಟ್ಟಿ ಕಳಿಸಿಬಿಡುತ್ತಿದ್ದೆ. ನೀವೂ ಹಾಗೇ ಮಾಡಿದರೆ ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆ. ಕಗ್ಗದಾಸಪುರ ಆಗಿನ್ನೂ ಅರ್ಧ ಹಳ್ಳಿ. ಅಲ್ಲಿನ ಹಳೆಯ ಕುಳ ಮುನಿರಾಜಪ್ಪ ನನಗೆ ಬಹಳ ದಿನದ ಪರಿಚಯ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಸಾಲಾಗಿ ಕೋಣೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಈ ಬೆಳೆಗೆ ಮಳೆ ಕಾಯಬೇಕಾಗಿಲ್ಲ ಎಂದು ಅವರೇ ತಮಾಷೆ ಮಾಡುತ್ತಿದ್ದರು. ಆದರೆ ಆ ವರ್ಷ ಬೋರ್‌ವೆಲ್ ಬತ್ತಿಹೋಗಿ ಬಾಡಿಗೆಯವರೆಲ್ಲ ಕೊಡ ಹಿಡಿದು ಬೀದಿಗೆ ಬಿದ್ದಾಗ ಅವರ ತಮಾಷೆಯೂ ಬತ್ತಿತು. ಹಿತ್ತಲಿನಲ್ಲಿ ಅವರಪ್ಪನ ಕಾಲದ ಕಲ್ಲುಬಾವಿಯೊಂದಿತ್ತು. ವರ್ಷಗಟ್ಟಲೆ ಯಾರೂ ಬಳಸದೆ ತಳದಲ್ಲಿ ಕೊಳೆನೀರು ನಿಂತಿತ್ತು. ಆ ನೀರನ್ನು ಹೊರಹಾಕಿ ಹೂಳು ತೆಗೆಸಿದರೆ ಒಳ್ಳೆಯ ನೀರು ಬರುತ್ತದೆಂದು ಅವರ ಲೆಕ್ಕಾಚಾರ. ಹಗಲೆಲ್ಲ ಕರೆಂಟು ಇರುತ್ತಿರಲಿಲ್ಲ. ಹಾಗಾಗಿ ನನ್ನ ಹತ್ತಿರವಿದ್ದ ಸೀಮೆಎಣ್ಣೆಯ ಸಣ್ಣ ಪಂಪ್‌ಸೆಟ್ ಬೇಕೆಂದು ಹೇಳಿ ಕಳಿಸಿದರು.

ಹೂಳು ತೆಗೆಯಲು ಒಪ್ಪಿಕೊಂಡಿದ್ದವನು ಶರಣಪ್ಪ. ಯಾದಗಿರಿ ಕಡೆಯವನು, ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಅದೇ ಸಾಲಿನ ಕೊನೆಯ ಕೋಣೆಯಲ್ಲಿ ಹೆಂಡತಿ ಹಣಮವ್ವನ ಜೊತೆ ಇದ್ದ. ಊರಿನಲ್ಲಿ ಬಾವಿ ಕೆಲಸ ಮಾಡಿದ್ದ ಧೈರ್ಯ ಅವನಿಗೆ. ಹೆಂಡತಿಗೆ ಮಾತ್ರ ಇದು ಸುತರಾಂ ಇಷ್ಟವಿರಲಿಲ್ಲ. ನಾನು ಬೆಳಿಗ್ಗೆ ಲಗೇಜ್ ಆಟೋದಲ್ಲಿ ಇಂಜಿನ್ ತಂದಾಗ ಅವಳು ಬಾವಿಕಟ್ಟೆಯ ಹತ್ತಿರ ನಿಂತು ಗಂಡನ ಜೊತೆ ಮೆಲ್ಲಗೆ ಜಗಳವಾಡುತ್ತಿದ್ದಳು. ಮುನಿರಾಜಪ್ಪನ ತಾಯಿ ಬಾವಿಗೆ ಅರಿಸಿನ ಕುಂಕುಮ ಹಚ್ಚಿ, ಗಂಗಮ್ಮನ ಹೆಸರಿನಲ್ಲಿ ಕಾಯಿ ಒಡೆದು, ನನ್ನ ಇಂಜಿನ್ನಿಗೂ ಒಂದು ಬೊಟ್ಟು ಇಟ್ಟರು.

ಹೊರಡುವ ಮೊದಲು ಅಂಗಡಿಯಲ್ಲಿ ಒಂದೇ ಎಳೆತಕ್ಕೆ ಶುರುವಾಗಿದ್ದ ಇಂಜಿನ್ ಅದು. ಬಾವಿಕಟ್ಟೆಯ ಮೇಲಿಟ್ಟು, ಪಕ್ಕದ ಗಾಲಿಯಂಥ ಪುಲ್ಲಿಗೆ ಹಗ್ಗ ಸುತ್ತಿ ಎಳೆದೆ. ಅರ್ಧ ಸುತ್ತು ಬಂದು ನಿಂತಿತು. ಇನ್ನೊಮ್ಮೆ ಎಳೆದರೆ ಹಗ್ಗ ಕೈಗೆ ಬಂತೇ ಹೊರತು ಪುಲ್ಲಿ ಅಲುಗಲಿಲ್ಲ. ಮುನಿರಾಜಪ್ಪ ನನ್ನ ಮುಖ ನೋಡಿದರು. ಇದೆಲ್ಲ ಇದ್ದದ್ದೇ ಎಂಬಂತೆ ನಾನು ಸ್ಪ್ಯಾನರ್ ಚೀಲ ಬಿಚ್ಚಿದೆ.

ಇಂಜಿನ್ ಕೈಗೆ ತಿರುಗದಿದ್ದಾಗ ಮೊದಲು ಪ್ಲಗ್ ಬಿಚ್ಚಬೇಕು. ಒಳಗೆ ಎಣ್ಣೆಯೋ ನೀರೋ ತುಂಬಿಕೊಂಡಿದ್ದರೆ ಆ ತೂತಿನಿಂದ ಚಿಮ್ಮಿ ಹೋಗುತ್ತದೆ, ಆಮೇಲೆ ಎರಡು ಬೆರಳಿನಲ್ಲಿ ಹಿಡಿದರೂ ಪುಲ್ಲಿ ತಿರುಗಬೇಕು. ಪ್ಲಗ್ ಬಿಚ್ಚಿದೆ, ಏನೂ ಚಿಮ್ಮಲಿಲ್ಲ, ಪುಲ್ಲಿಯೂ ತಿರುಗಲಿಲ್ಲ. ಹಾಗಾದರೆ ತೊಂದರೆ ಇಂಜಿನ್ನಿನದಲ್ಲ, ಪಂಪಿನೊಳಗೆ ಕಲ್ಲು ಸಿಕ್ಕಿದೆ ಎಂದುಕೊಂಡು ಎರಡನ್ನೂ ಬೇರೆ ಮಾಡಿದೆ. ಪಂಪು ಸಲೀಸಾಗಿ ತಿರುಗಿತು. ಇಂಜಿನ್ ಹಾಗೇ ಹಿಡಿದುಕೊಂಡಿತ್ತು. ಕಾಲುಗಳ ಬೋಲ್ಟು ಬಿಗಿಯಾಗಿ ಮೈ ತಿರುಚಿಕೊಂಡಿರಬಹುದೆಂದು ಅವನ್ನೂ ಸಡಿಲಿಸಿ ಗೋಣಿಚೀಲದ ಮೇಲೆ ಮಲಗಿಸಿದೆ. ಫ್ಯಾನಿನ ಮುಚ್ಚಳ ತೆಗೆದೆ. ಆಯಿಲ್ ಬಸಿದು ಬೆರಳಿನಲ್ಲಿ ಉಜ್ಜಿ ನೋಡಿದೆ, ಕಬ್ಬಿಣದ ಪುಡಿಯ ಸುಳಿವಿರಲಿಲ್ಲ.

ನನ್ನನ್ನು ಕಂಗೆಡಿಸಿದ್ದು ಬೇರೆಯೇ. ಶಾಫ್ಟ್ ಬಾಗಿದ್ದರೆ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬಿಗಿಯಾಗುತ್ತದೆ. ಏನಾದರೂ ಮುರಿದು ಬಿದ್ದಿದ್ದರೆ ಟಕ್ ಎಂದು ತಾಗಿ ನಿಲ್ಲುತ್ತದೆ. ಆಯಿಲ್ ಇಲ್ಲದೆ ಒಣಗಿದ್ದರೆ ಸುತ್ತೆಲ್ಲ ಬಿಗಿ. ಕೈಗೆ ಇವು ಮೂರೂ ಗೊತ್ತಾಗುತ್ತವೆ. ಇದು ಒಮ್ಮೆ ಕಾಲು ಸುತ್ತಿಗೆ ಹಿಡಿಯುತ್ತಿತ್ತು, ಒಮ್ಮೆ ಮುಕ್ಕಾಲಿಗೆ, ಒಮ್ಮೆ ಶುರುವಿನಲ್ಲೇ. ಸದ್ದಿಲ್ಲ. ನಾನು ಜೋರು ಮಾಡಿದರೆ ಅದೂ ಅಷ್ಟೇ ಜೋರು ಮಾಡುತ್ತಿತ್ತು, ನಾನು ಸಡಿಲ ಬಿಟ್ಟರೆ ಅದೂ ಸಡಿಲ. ಆ ಕಡೆಯಿಂದ ಇನ್ನೊಬ್ಬರು ಪುಲ್ಲಿಯನ್ನು ಹಿಡಿದುಕೊಂಡ ಹಾಗಿತ್ತು.

ಅಂಗಡಿಗೇ ಒಯ್ದು ನೋಡೋಣವೆಂದು ಇಂಜಿನ್ನನ್ನು ಹೊತ್ತು ಬೀದಿಗೆ ತಂದು ಆಟೋ ಪಕ್ಕದಲ್ಲಿಟ್ಟೆ. ಸುಮ್ಮನೆ ಪುಲ್ಲಿ ಮುಟ್ಟಿದೆ. ಎರಡು ಬೆರಳಿಗೆ ಬೆಣ್ಣೆಯಂತೆ ತಿರುಗಿತು. ಹತ್ತಾರು ಸಲ ತಿರುಗಿಸಿ, ಬಿಡು, ಎಲ್ಲೋ ಸಿಕ್ಕಿದ್ದ ಕಸ ಹೋಯಿತು ಎಂದುಕೊಂಡು ಮತ್ತೆ ಬಾವಿಕಟ್ಟೆಗೆ ತಂದೆ. ಹಿಡಿದುಕೊಂಡಿತು. ಮುನಿರಾಜಪ್ಪ ತಾವೇ ಪಂಚೆ ಎತ್ತಿ ಕಟ್ಟಿ ಕೈ ಹಾಕಿದರು, ಅವರಿಗೂ ಬಗ್ಗಲಿಲ್ಲ. ಕುಣಿಯಲಾರದವನಿಗೆ ನೆಲ ಡೊಂಕು ಎಂದು ನನಗೆ ಕೇಳುವಂತೆಯೇ ಗೊಣಗಿದರು.

ಅಷ್ಟು ಹೊತ್ತೂ ಶರಣಪ್ಪ ದೂರದಲ್ಲಿ ಕೂತು ಬಾವಿಯೊಳಗೆ ಇಳಿಸುವ ಹಲಗೆಗಳಿಗೆ ಹಗ್ಗ ಕಟ್ಟುತ್ತಿದ್ದ. ಎದ್ದು ಬಂದು, ನಾ ಒಂದ್ ಸಲ ನೋಡ್ಲೇನ್ರಿ ಎಂದು ಕೇಳಿ ಪುಲ್ಲಿಯ ಮೇಲೆ ಕೈ ಇಟ್ಟ. ಅದು ತಿರುಗಿತು. ಒಂದು ಸುತ್ತು, ಎರಡು ಸುತ್ತು, ತಡೆಯೇ ಇಲ್ಲದೆ ತಿರುಗುತ್ತಲೇ ಇತ್ತು. ನೋಡಲು ನೆರೆದಿದ್ದ ಬಾಡಿಗೆಯವರೂ ಸೇರಿ ಎಲ್ಲರೂ ನಕ್ಕರು. ಅವನೂ ನಕ್ಕ. ನಾನು ಅವನನ್ನು ಸರಿಸಿ ಕೈ ಹಾಕಿದೆ, ಹಿಡಿದುಕೊಂಡಿತು. ಅವನು ಮುಟ್ಟಿದ, ತಿರುಗಿತು. ಎಷ್ಟು ಸಲ ಅದಲುಬದಲು ಮಾಡಿದೆವೋ. ಕೊನೆಕೊನೆಗೆ ನಗುವುದನ್ನು ಒಬ್ಬೊಬ್ಬರಾಗಿ ನಿಲ್ಲಿಸಿದರು. ಹಣಮವ್ವ ಮೊದಲಿನಿಂದಲೂ ನಕ್ಕಿರಲಿಲ್ಲ.

ಬಾವಿ ಆಳವಾಗಿದ್ದರೆ ಮೇಲಿಟ್ಟ ಪಂಪಿಗೆ ಅಷ್ಟು ಕೆಳಗಿನ ನೀರು ಎಳೆಯಲು ಆಗುವುದಿಲ್ಲ. ಅದಕ್ಕೆ ಆ ಕಾಲದಲ್ಲಿ ನಮ್ಮ ಕಡೆಯವರೆಲ್ಲ ಮಾಡುತ್ತಿದ್ದುದು ಒಂದೇ. ಬಾವಿಯ ಗೋಡೆಯಿಂದ ಚಾಚಿದ ಮೆಟ್ಟಿಲುಗಲ್ಲುಗಳ ಮೇಲೆ ಅಡ್ಡ ಹಲಗೆ ಹಾಕಿ, ಇಂಜಿನ್ನನ್ನೇ ನೀರಿನ ಹತ್ತಿರಕ್ಕೆ ಇಳಿಸುತ್ತಿದ್ದರು. ಯಾರಾದರೊಬ್ಬರು ಇಳಿದು ಶುರು ಮಾಡಿ, ತಕ್ಷಣ ಮೇಲೆ ಬರುತ್ತಿದ್ದರು. ಹೊಗೆಯ ಯೋಚನೆ ಯಾರ ತಲೆಗೂ ಬರುತ್ತಿರಲಿಲ್ಲ, ಬಾವಿಯ ಬಾಯಿ ತೆರೆದೇ ಇದೆಯಲ್ಲ. ಆದರೆ ಅಂದು ಮುನಿರಾಜಪ್ಪ ಇನ್ನೊಂದು ಮಾತು ಸೇರಿಸಿದರು.

"ಶರಣಪ್ಪ, ನೀನು ಮೇಲೆ ಬರ್ಬೇಡ, ಅಲ್ಲೇ ಪಕ್ಕದಲ್ಲಿ ಕೂತ್ಕೊಂಡಿರು. ಮಧ್ಯ ನಿಂತೋದ್ರೆ ನಿನ್ ಬಿಟ್ರೆ ಅದನ್ನ ತಿರುಗಿಸೋರು ಯಾರಪ್ಪ?"

ಮಾತು ಸರಿಯಾಗಿಯೇ ಇತ್ತು, ಯಾರೂ ಎದುರಾಡಲಿಲ್ಲ. ನಾನು ಎಲ್ಲವನ್ನೂ ಜೋಡಿಸಿ, ಆಯಿಲ್ ಹಾಕಿ ಕೊಟ್ಟೆ, ಎಲ್ಲರೂ ಸೇರಿ ಅದನ್ನು ಬಾವಿಯೊಳಗಿನ ಹಲಗೆಯ ಮೇಲೆ ಇಳಿಸಿದೆವು. ಹಣಮವ್ವ ಮಾತ್ರ ಗಂಡನ ಸೊಂಟಕ್ಕೆ ಹಗ್ಗ ಕಟ್ಟದೆ ಇಳಿಯಲು ಬಿಡಲಿಲ್ಲ. ಅವನು ನಾಚಿಕೆಪಟ್ಟುಕೊಂಡ, ಅವಳು ಕೇಳಲಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ತನ್ನ ಕೈಗೇ ಸುತ್ತಿಕೊಂಡು ಕಟ್ಟೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

ಕೆಳಗೆ ಇಂಜಿನ್ ಮೊದಲ ಎಳೆತಕ್ಕೇ ಶುರುವಾಯಿತು. ಅಷ್ಟು ಚೆಂದದ ಸದ್ದನ್ನು ನಾನು ಆ ಇಂಜಿನ್ನಿನಿಂದ ಹಿಂದೆಂದೂ ಕೇಳಿರಲಿಲ್ಲ. ಪೈಪಿನ ತುದಿಯಿಂದ ಕಪ್ಪು ನೀರು ದಬದಬನೆ ಚರಂಡಿಗೆ ಬಿತ್ತು. ಬಾಡಿಗೆಯವರಿಗೆ ಸಡಗರ. ಶರಣಪ್ಪ ಒಂದೆರಡು ಸಲ ಮೇಲೆ ನೋಡಿ ಕೈ ಬೀಸಿದ. ನಾನು ಬೀಡಿ ಹಚ್ಚಿ ಮುನಿರಾಜಪ್ಪನ ಜೊತೆ ಅದೂ ಇದೂ ಮಾತಾಡುತ್ತ ನಿಂತೆ.

ಇದ್ದಕ್ಕಿದ್ದಂತೆ ಸದ್ದು ನಿಂತಿತು. ಎಣ್ಣೆ ಮುಗಿದು ನಿಲ್ಲುವ ಇಂಜಿನ್ ಕೆಮ್ಮುತ್ತದೆ, ಎಳೆದಾಡುತ್ತದೆ. ಇದು ಓಡುತ್ತಿದ್ದ ಹಾಗೆಯೇ ನಿಂತುಬಿಟ್ಟಿತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಶರಣಪ್ಪನ ದನಿ ಬಂತು, ನಿದ್ದೆಗಣ್ಣಿನಲ್ಲಿ ಮಾತಾಡುವವರ ದನಿ.

"ಸರ, ಈಗ ನನಗೂ ಹಿಡಕೊಂಡದರಿ."

ಆಮೇಲೆ ಏನೂ ಇಲ್ಲ. ಮುನಿರಾಜಪ್ಪ ಕೂಗಿದರು, ನಾನು ಕೂಗಿದೆ. ನಾವು ಬಗ್ಗಿ ನೋಡುವಷ್ಟರಲ್ಲಿ ಹಣಮವ್ವ ಒಬ್ಬಳೇ ಹಗ್ಗ ಎಳೆಯತೊಡಗಿದ್ದಳು. ಎಲ್ಲರೂ ಕೈ ಹಾಕಿ ಎಳೆದೆವು. ಗೋಡೆಗೆ ಉಜ್ಜಿಕೊಂಡು ಮೇಲೆ ಬಂದವನ ಮುಖ ಕೆಂಪೇರಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಉಸಿರು ಇದೆಯೋ ಇಲ್ಲವೋ ಎನ್ನುವಷ್ಟಿತ್ತು. ಇಂಜಿನ್ ತಂದಿದ್ದ ಅದೇ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಹಣಮವ್ವ ಅವನ ಎದೆಯ ಮೇಲೆ ಅಂಗೈ ಊರಿಕೊಂಡೇ ಇದ್ದಳು.

ಅವನು ಬದುಕಿದ. ಡಾಕ್ಟರು ನಮ್ಮನ್ನು ಚೆನ್ನಾಗಿ ಬೈದರು. ಆ ಹೊಗೆಯಲ್ಲಿರುವ ವಿಷಗಾಳಿಗೆ ವಾಸನೆಯೇ ಇಲ್ಲವಂತೆ, ಕೂತ ಜಾಗದಲ್ಲೇ ನಿದ್ದೆ ಬರಿಸಿ ಕೊಲ್ಲುತ್ತದಂತೆ. ಇಂಜಿನ್ ಇನ್ನು ಸ್ವಲ್ಪ ಹೊತ್ತು ಓಡಿದ್ದರೆ ಹೆಣ ಎತ್ತಬೇಕಾಗುತ್ತಿತ್ತು ಎಂದರು. ಒಳ್ಳೆಯ ಗಾಳಿ ಕಡಿಮೆಯಾಗಿ ಅದೂ ನಿಂತಿರಬೇಕು ಎಂದರು. ಇರಬಹುದು, ಓಡುವ ಇಂಜಿನ್ ನಿಂತದ್ದಕ್ಕೆ ಆ ಕಾರಣ ಸಾಕು. ಆದರೆ ಸಂಜೆ ಅದನ್ನು ಮೇಲಕ್ಕೆಳೆದು ಕಟ್ಟೆಯ ಮೇಲಿಟ್ಟಾಗ, ಪ್ಲಗ್ ಬಿಚ್ಚಿದ ಮೇಲೂ, ಅದು ನನ್ನ ಕೈಗೆ ಬೆಳಗಿನಂತೆಯೇ ಹಿಡಿದುಕೊಂಡಿತ್ತು. ಅಂಗಡಿಗೆ ತಂದು ಪೂರ್ತಿ ಬಿಚ್ಚಿ ಪಿಸ್ಟನ್, ರಿಂಗು, ಬೇರಿಂಗು ಎಲ್ಲವನ್ನೂ ಬಟ್ಟೆಯ ಮೇಲೆ ಹರಡಿ ನೋಡಿದೆ. ಒಂದು ಗೀರು ಕೂಡ ಸಿಗಲಿಲ್ಲ. ಹೇಗಿತ್ತೋ ಹಾಗೆ ಜೋಡಿಸಿಟ್ಟೆ.

ಎರಡು ಮೂರು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಶರಣಪ್ಪ ಎದ್ದು ಕೂತು ಗಂಜಿ ಕುಡಿಯುತ್ತಿದ್ದ. ಕಸುಬಿನ ಕುತೂಹಲ ತಡೆಯದೆ, ನಮಗ್ಯಾರಿಗೂ ತಿರುಗದ್ದನ್ನು ನೀನು ಹೇಗೆ ತಿರುಗಿಸಿದೆ, ಎಷ್ಟು ಜೋರು ಹಾಕಿದೆ ಎಂದು ಕೇಳಿದೆ. ಅವನು ಲೋಟ ಕೆಳಗಿಟ್ಟ.

"ನಾ ತಿರಗಿಸಿಲ್ಲರಿ ಸರ. ಬರೇ ಕೈ ಇಟ್ಟಿದ್ದೆ. ಅದೇ ನನ್ ಕೈ ಎಳಕೊಂಡು ತಿರಗ್ತು."

ಆಗಲೇ ಯಾಕೆ ಹೇಳಲಿಲ್ಲ ಎಂದೆ. ಎಲ್ಲರೂ ನಗುತ್ತಿದ್ದಿರಿ, ನಾನೂ ನಕ್ಕೆ ಎಂದ. ಹಣಮವ್ವ ಲೋಟ ತೆಗೆದುಕೊಂಡು ತೊಳೆಯಲು ಹೋದಳು. ಗುಣವಾದ ಮೇಲೆ ಅವರು ಊರಿಗೆ ಹೋದರು, ಮತ್ತೆ ಬೆಂಗಳೂರಿಗೆ ಬಂದರೋ ಇಲ್ಲವೋ ತಿಳಿಯದು. ಮುನಿರಾಜಪ್ಪ ಬಾವಿಗೆ ಚಪ್ಪಡಿ ಹಾಕಿಸಿ ಮುಚ್ಚಿಬಿಟ್ಟರು.

ಇಂಜಿನ್ ಇನ್ನೂ ನನ್ನ ಹತ್ತಿರವಿದೆ. ಬಾಡಿಗೆಗೆ ಕೊಟ್ಟಿಲ್ಲ, ಮಾರಿಲ್ಲ, ಗುಜರಿಗೆ ಹಾಕಲೂ ಕೈ ಬಂದಿಲ್ಲ. ಅದು ನಮ್ಮನ್ನೆಲ್ಲ ಬೆಳಿಗ್ಗೆಯಿಂದ ತಡೆಯುತ್ತಿತ್ತು ಅನ್ನೋಣವೆಂದರೆ ಅವನೊಬ್ಬನಿಗೆ ಯಾಕೆ ಬಿಟ್ಟುಕೊಟ್ಟಿತು? ಅವನನ್ನೇ ಬೇಡಿತ್ತು ಅನ್ನೋಣವೆಂದರೆ ಕೊನೆಗಳಿಗೆಯಲ್ಲಿ ಯಾಕೆ ನಿಂತಿತು? ಯೋಚಿಸಿ ಯೋಚಿಸಿ ಸಾಕಾಗಿದೆ. ಆ ದಿನ ಬೀದಿಯಲ್ಲಿ ನನ್ನ ಎರಡು ಬೆರಳಿಗೆ ತಿರುಗಿತ್ತಲ್ಲ, ಅದನ್ನು ತಿರುಗಿಸಿದ್ದು ನಾನೇ ಎಂದು ಈಗ ಗಟ್ಟಿಯಾಗಿ ಹೇಳಲಾರೆ. ಜೋಡಿಸಿಟ್ಟ ಮೇಲೆ ನಾನು ಅದರ ಪುಲ್ಲಿ ಮುಟ್ಟಿಲ್ಲ. ಮುಟ್ಟಿದಾಗ ಹಿಡಿದುಕೊಂಡರೆ ಇಷ್ಟು ವರ್ಷದ ತುಕ್ಕು ಎಂದು ಸಮಾಧಾನ ಮಾಡಿಕೊಳ್ಳಬಹುದು. ಶರಣಪ್ಪನಿಗೆ ತಿರುಗಿದ ಹಾಗೆ ತಿರುಗಿಬಿಟ್ಟರೆ ಏನು ಮಾಡಲಿ?